ಷಡ್ಜ ಅಲುಗದಂತೆ: ಹಳೆಯ ಟರ್ನ್‌ಟೇಬಲ್ಲಿನ ಮೋಟಾರು ಮತ್ತು ಅದರ ವಿದ್ಯುತ್ತು

ರೆಕಾರ್ಡಿನಲ್ಲಿ ಕೊರೆದಿಟ್ಟ ಸಂಗೀತಕ್ಕೆ ತನ್ನದೇ ಆದ ಶ್ರುತಿ ಎಂಬುದಿಲ್ಲ. ಅದನ್ನು ತಿರುಗಿಸುವ ಯಂತ್ರದ ವೇಗವೇ ಅದರ ಶ್ರುತಿಯನ್ನು ಗೊತ್ತುಮಾಡುತ್ತದೆ. ನಿಮಿಷಕ್ಕೆ 33⅓ ಸುತ್ತು ತಿರುಗಲೆಂದು ಮುದ್ರಿತವಾದ ಎಲ್‌ಪಿ ರೆಕಾರ್ಡು ಶೇ 1ರಷ್ಟು ನಿಧಾನವಾದರೆ ಗಾಯಕಿಯ ಷಡ್ಜ, ತಂಬೂರಿಯ ಪಂಚಮ, ತಬಲಾದ ನಾದ, ವಿಲಂಬಿತದ ಲಯ ಎಲ್ಲವೂ ಒಟ್ಟಾಗಿ ಅಷ್ಟೇ ಪ್ರಮಾಣದಲ್ಲಿ ಕೆಳಗಿಳಿಯುತ್ತವೆ. ಸಪ್ತಕವೊಂದನ್ನು 1200 ಸೂಕ್ಷ್ಮ ಭಾಗಗಳಾಗಿ ವಿಂಗಡಿಸುವ ಅಳತೆಗೆ ಸೆಂಟ್ ಎಂದು ಹೆಸರು. ಹಾರ್ಮೋನಿಯಮ್ಮಿನ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಇರುವ ಅಂತರ 100 ಸೆಂಟ್. ಈ ಅಳತೆಯಲ್ಲಿ ಶೇ 1ರ ವೇಗದೋಷವೆಂದರೆ ಸುಮಾರು 17 ಸೆಂಟ್. ಸಂಗೀತಶಾಸ್ತ್ರದಲ್ಲಿ ಪ್ರಮಾಣಶ್ರುತಿಯೆಂದು ಕರೆಯಲಾಗುವ, 81ಕ್ಕೆ 80ರ ಅನುಪಾತದ ಅತಿಸಣ್ಣ ಅಂತರ ಸುಮಾರು 22 ಸೆಂಟ್ ಆಗಿರುವುದರಿಂದ, ಮೋಟಾರು ಶೇ 1.25ರಷ್ಟು ಹಿಂದೆ ಬಿದ್ದರೆ ಇಡೀ ರಾಗ ಒಂದು ಪ್ರಮಾಣಶ್ರುತಿಯಷ್ಟು ಜಾರಿದಂತಾಗುತ್ತದೆ.

ಆದರೆ ಹೀಗೆ ಒಂದೇ ಸಮನೆ ಜಾರುವುದು ರಾಗಕ್ಕೆ ಅಂಥ ದೊಡ್ಡ ಅಪಚಾರವೇನಲ್ಲ. ಸ್ವರಗಳ ನಡುವಿನ ಅಂತರಗಳು ಹಾಗೆಯೇ ಉಳಿಯುವುದರಿಂದ ಯಮನ ಯಮನವಾಗಿಯೇ ಇರುತ್ತದೆ. ರೆಕಾರ್ಡಿನ ಜೊತೆಗೆ ಹಾರ್ಮೋನಿಯಂ ಹಿಡಿದು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಮಾತ್ರ ತೊಂದರೆ. ನಿಜವಾದ ಕೇಡು ವೇಗ ಏರಿಳಿಯುವುದರಲ್ಲಿದೆ. ನಿಧಾನವಾದ ಏರಿಳಿತಕ್ಕೆ ‘ವಾವ್’ ಎಂದೂ, ತ್ವರಿತವಾದ ಕಂಪನಕ್ಕೆ ‘ಫ್ಲಟರ್’ ಎಂದೂ ತಂತ್ರಜ್ಞರು ಹೆಸರಿಟ್ಟಿದ್ದಾರೆ. ಸ್ವರಗಳು ಬೇಗಬೇಗನೆ ಬದಲಾಗುತ್ತ ಸಾಗುವ ವಾದ್ಯಮೇಳದಲ್ಲಿ ಕಿವಿ ಇವನ್ನು ಕ್ಷಮಿಸಬಹುದು. ಆದರೆ ತಂಬೂರಿ ಇಪ್ಪತ್ತು ನಿಮಿಷ ಎಡೆಬಿಡದೆ ಒಂದೇ ಷಡ್ಜವನ್ನು ಹಿಡಿದು ನಿಲ್ಲುವ ಖಯಾಲ್ ಗಾಯನದಲ್ಲಿ ಅಡಗಲು ಅವಕ್ಕೆ ಜಾಗವೇ ಸಿಗುವುದಿಲ್ಲ. ಹಳೆಯ ಟರ್ನ್‌ಟೇಬಲ್ಲಿನ ಮೋಟಾರನ್ನೂ ಅದರ ವಿದ್ಯುತ್ ಪೂರೈಕೆಯನ್ನೂ ಉತ್ತಮಗೊಳಿಸುವ ಪ್ರಶ್ನೆಯನ್ನು ಬೆಳಗಾವಿ, ಹುಬ್ಬಳ್ಳಿ, ಗದಗಗಳ ಈ ಹಿಂದೂಸ್ತಾನಿ ಸಂಗೀತದ ಸೀಮೆಯಲ್ಲಿ ನೋಡಬೇಕಾದದ್ದು ಈ ಕೋನದಿಂದ.

ಇದು ರೆಕಾರ್ಡುಗಳಿಗೆ ಋಣಿಯಾದ ಸೀಮೆ ಎಂಬುದು ಇತಿಹಾಸದಿಂದ ತಿಳಿಯುವ ಸಂಗತಿ. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರ ಝಿಂಜೋಟಿ ಠುಮ್ರಿಯನ್ನು ರೆಕಾರ್ಡಿನಲ್ಲಿ ಕೇಳಿದ ಬಾಲಕ ಭೀಮಸೇನ ಜೋಶಿ ಗುರುವನ್ನು ಅರಸಿ ಗದಗದ ಮನೆ ಬಿಟ್ಟರು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕಂಠವನ್ನು ಎಚ್‌ಎಂವಿ ಕಂಪನಿ ಮುಂಬಯಿಯಲ್ಲಿ ಮುದ್ರಿಸಿಕೊಳ್ಳತೊಡಗಿದ್ದು 1932ರಲ್ಲಿ. ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲಪ್ರತಿಭೆಯಾಗಿದ್ದಾಗಲೇ ರೆಕಾರ್ಡು ಕೊಟ್ಟವರು. ಬೆಳಗಾವಿಯಲ್ಲಿಯೇ ಬಾಳಿದ ಪಂಡಿತ ರಾಮಭಾವು ವಿಜಾಪುರೆಯವರ ಹಾರ್ಮೋನಿಯಂ ಪರಂಪರೆಯ ಊರಿನಲ್ಲಿ ಕಾಳಿ ಒಂದು, ಪಾಂಢರಿ ನಾಲ್ಕು ಎಂದು ಕಪ್ಪು-ಬಿಳಿ ಪಟ್ಟಿಗಳ ಲೆಕ್ಕದಲ್ಲಿ ಷಡ್ಜವನ್ನು ಗುರುತಿಸಬಲ್ಲ ಕಿವಿಗಳಿಗೆ ಇಂದಿಗೂ ಕೊರತೆಯಿಲ್ಲ.

ಇದೇ ನಗರದ ಖಾಸಬಾಗ, ವಡಗಾವಿ, ಶಹಾಪುರಗಳು ನೇಕಾರರ ನೆಲೆಗಳು. ಇಲ್ಲಿನ ಮನೆಗಳಲ್ಲಿ ಅಡುಗೆಮನೆಯ ಗೋಡೆಗೆ ಒತ್ತಿಕೊಂಡೇ ವಿದ್ಯುತ್ ಮಗ್ಗಗಳು ನಿಂತಿರುತ್ತವೆ. ಮಗ್ಗವೆಂದ ಮೇಲೆ ಅದಕ್ಕೊಂದು ಮೋಟಾರು, ಆ ಮೋಟಾರಿಗೊಂದು ಬೆಲ್ಟು, ಸುಟ್ಟುಹೋದರೆ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿಕೊಡಲು ಒಂದು ರಿವೈಂಡಿಂಗ್ ಅಂಗಡಿ ಇರಲೇಬೇಕು. ವೋಲ್ಟೇಜು ಕುಸಿದಾಗ ಮೋಟಾರಿಗೆ ಏನಾಗುತ್ತದೆ, ಬುಷ್ ಸವೆದರೆ ಸದ್ದು ಹೇಗೆ ಬದಲಾಗುತ್ತದೆ, ಸಡಿಲ ಬೆಲ್ಟಿನಿಂದ ಬಟ್ಟೆಯ ಹೊಕ್ಕು ಹೇಗೆ ಹದಗೆಡುತ್ತದೆ ಎಂಬುದು ಇಲ್ಲಿ ಪುಸ್ತಕದ ವಿದ್ಯೆಯಲ್ಲ. ಟರ್ನ್‌ಟೇಬಲ್ಲಿನ ಸಮಸ್ಯೆಗಳೂ ಬಹುಪಾಲು ಇವೇ. ಶಕ್ತಿಯ ಪ್ರಮಾಣವಷ್ಟೇ ಬೇರೆ. ಮಗ್ಗದ ಮೋಟಾರು ನೂರಾರು ವ್ಯಾಟ್ ತಿಂದರೆ ಬೆಲ್ಟಿನ ಟರ್ನ್‌ಟೇಬಲ್ಲಿನದು ಎರಡು ಮೂರು ವ್ಯಾಟುಗಳಲ್ಲಿ ತೃಪ್ತಿಪಡುತ್ತದೆ.

ಸುಧಾರಣೆಗೆ ಕೈ ಹಾಕುವ ಮೊದಲು ಯಂತ್ರದೊಳಗಿರುವ ಮೋಟಾರು ಯಾವ ಜಾತಿಯದೆಂದು ತಿಳಿಯಬೇಕು, ಏಕೆಂದರೆ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ವ್ಯರ್ಥ. ಚಾವಿ ಕೊಟ್ಟು ತಿರುಗಿಸುವ ಸ್ಪ್ರಿಂಗಿನ ಗ್ರಾಮೋಫೋನನ್ನು ಇಲ್ಲಿ ಬದಿಗಿಡಬಹುದು. ವಿದ್ಯುತ್ತಿನಿಂದ ನಡೆಯುವ ಹಳೆಯ ಯಂತ್ರಗಳಲ್ಲಿ ಮೊದಲನೆಯದು ಇಂಡಕ್ಷನ್ ಮೋಟಾರಿನ ವರ್ಗ. ಇಂಗ್ಲೆಂಡಿನ ಗ್ಯಾರಾರ್ಡ್ 301, ಸ್ವಿಟ್ಜರ್ಲೆಂಡಿನ ಲೆಂಕೊ ಎಲ್75 ಮೊದಲಾದವು ಈ ವರ್ಗಕ್ಕೆ ಸೇರುತ್ತವೆ; ಇವುಗಳಲ್ಲಿ ಮೋಟಾರಿನ ದಂಡಕ್ಕೂ ತಿರುಗುತಟ್ಟೆಗೂ ನಡುವೆ ಒಂದು ರಬ್ಬರ್ ಗಾಲಿ ಒತ್ತಿಕೊಂಡು ಚಲನೆಯನ್ನು ದಾಟಿಸುತ್ತದೆ. ಇಂಡಕ್ಷನ್ ಮೋಟಾರಿನ ತಿರುಗುವ ಭಾಗವು ತನ್ನನ್ನು ಎಳೆಯುವ ಕಾಂತಕ್ಷೇತ್ರಕ್ಕಿಂತ ಯಾವಾಗಲೂ ಸ್ವಲ್ಪ ಹಿಂದೆ ಉಳಿಯುತ್ತದೆ. ಈ ಹಿಂದುಳಿಕೆಗೆ ಸ್ಲಿಪ್ ಎಂದು ಹೆಸರು. ನಾಲ್ಕು ಧ್ರುವಗಳ ಮೋಟಾರಿನಲ್ಲಿ ಕಾಂತಕ್ಷೇತ್ರವು 50 ಹರ್ಟ್ಜ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 1500 ಸುತ್ತು ಬಂದರೆ ದಂಡವು 1400ರ ಆಸುಪಾಸಿನಲ್ಲಿ ತಿರುಗುತ್ತದೆ. ಹೊರೆ ಅಷ್ಟೇ ಇದ್ದಾಗ ಸ್ಲಿಪ್ಪು ವೋಲ್ಟೇಜಿನ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆಂಬ ಸ್ಥೂಲ ಲೆಕ್ಕವನ್ನು ಹಿಡಿದರೆ, 230 ವೋಲ್ಟಿನಲ್ಲಿ 1400 ಸುತ್ತುವ ಮೋಟಾರು 200 ವೋಲ್ಟಿನಲ್ಲಿ ಸುಮಾರು 1370ಕ್ಕೆ ಇಳಿಯುತ್ತದೆ, ಷಡ್ಜ ಸುಮಾರು 40 ಸೆಂಟ್ ಕುಸಿಯುತ್ತದೆ. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಚಾಲೂ ಆಗುವ ಹೊತ್ತಿನಲ್ಲಿ ವೋಲ್ಟೇಜು ಇಳಿಯುವ ಖಾಸಬಾಗದಂಥ ಬಡಾವಣೆಯಲ್ಲಿ, ಅಥವಾ ಉಪಕೇಂದ್ರದಿಂದ ಬಹುದೂರ ಎಳೆದ ತಂತಿಯ ಕೊನೆಗಿರುವ ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿ, ಇಂಥ ಯಂತ್ರಕ್ಕೆ ಮೊದಲು ಬೇಕಾದದ್ದು ವೋಲ್ಟೇಜನ್ನು ಸ್ಥಿರವಾಗಿಡುವ ವ್ಯವಸ್ಥೆ. ಉಳಿದದ್ದೆಲ್ಲ ಆಮೇಲಿನ ಮಾತು.

ಎರಡನೆಯದು ಸಿಂಕ್ರೊನಸ್ ಮೋಟಾರಿನ ವರ್ಗ. ಇದರ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತವಿದ್ದು, ಅದು ಕಾಂತಕ್ಷೇತ್ರದ ಜೊತೆ ಹೆಜ್ಜೆ ತಪ್ಪದೆ ತಿರುಗುತ್ತದೆ, ಸ್ಲಿಪ್ ಎಂಬುದಿಲ್ಲ. ವೇಗವನ್ನು ನಿರ್ಧರಿಸುವುದು ವಿದ್ಯುತ್ತಿನ ಆವರ್ತನ, ಎಂದರೆ ಒಂದು ಸೆಕೆಂಡಿನಲ್ಲಿ ಅದು ದಿಕ್ಕು ಬದಲಿಸಿ ಮರಳುವ ಆವೃತ್ತಿಗಳ ಸಂಖ್ಯೆ, ಮತ್ತು ಮೋಟಾರಿನ ಧ್ರುವಗಳ ಸಂಖ್ಯೆ. ಥೋರೆನ್ಸ್ ಟಿಡಿ 160ರಲ್ಲಿರುವ 16 ಧ್ರುವಗಳ ಮೋಟಾರು 50 ಹರ್ಟ್ಜಿನಲ್ಲಿ ನಿಮಿಷಕ್ಕೆ 375 ಸುತ್ತು ತಿರುಗಿದರೆ, ಲಿನ್ ಮತ್ತು ರೇಗಾ ಯಂತ್ರಗಳಲ್ಲಿ ಬಳಕೆಯಾದ 24 ಧ್ರುವಗಳ ಮೋಟಾರು 250 ಸುತ್ತು ತಿರುಗುತ್ತದೆ. ವೋಲ್ಟೇಜು ಏರಿದರೂ ಇಳಿದರೂ, ಹೆಜ್ಜೆ ತಪ್ಪುವಷ್ಟು ಕುಸಿಯದ ಹೊರತು, ಈ ಸಂಖ್ಯೆ ಬದಲಾಗುವುದಿಲ್ಲ. ಮೂರನೆಯ ವರ್ಗವಾದ ಡಿಸಿ ಮೋಟಾರಿನಲ್ಲಿ ವೇಗವನ್ನು ಹಿಡಿದಿಡುವ ಹೊಣೆ ಸಂಪೂರ್ಣವಾಗಿ ಎಲೆಕ್ಟ್ರಾನಿಕ್ ನಿಯಂತ್ರಣದ ಮೇಲೆ ಬೀಳುತ್ತದೆ. ತಿರುಗುತಟ್ಟೆಯನ್ನೇ ಮೋಟಾರಿನ ಭಾಗವನ್ನಾಗಿಸಿದ ಟೆಕ್ನಿಕ್ಸ್ ಎಸ್‌ಪಿ-10 ಬಂದದ್ದು 1970ರಲ್ಲಿ. ಅದರ ನಂತರದ ಕ್ವಾರ್ಟ್ಜ್ ನಿಯಂತ್ರಿತ ಯಂತ್ರಗಳ ಸರ್ಕೀಟು ಕೆಟ್ಟರೆ ರಿಪೇರಿ ಮಾಡಿಸಬೇಕೇ ಹೊರತು ಸುಧಾರಣೆಯ ಹೆಸರಿನಲ್ಲಿ ಮುಟ್ಟುವುದು ಜಾಣತನವಲ್ಲ.

ಆದ್ದರಿಂದ ಪವರ್ ಸಪ್ಲೈ ಸುಧಾರಣೆಯೆಂಬ ಮಾತು ಮುಖ್ಯವಾಗಿ ಅನ್ವಯಿಸುವುದು ಸಿಂಕ್ರೊನಸ್ ಮೋಟಾರಿಗೆ. ವಿದ್ಯುತ್ ಜಾಲದಿಂದ ನೇರವಾಗಿ ಮೋಟಾರನ್ನು ನಡೆಸುವ ಬದಲು, ಯಂತ್ರದೊಳಗೇ ಶುದ್ಧವಾದ ತರಂಗವೊಂದನ್ನು ಹುಟ್ಟಿಸಿ, ಅದನ್ನು ಆಂಪ್ಲಿಫೈಯರಿನಿಂದ ಬಲಪಡಿಸಿ ಮೋಟಾರಿಗೆ ಕೊಡುವುದು ಇದರ ತತ್ತ್ವ. 1968ರ ಥೋರೆನ್ಸ್ ಟಿಡಿ 125 ಈ ದಾರಿ ಹಿಡಿದ ಆರಂಭದ ಯಂತ್ರಗಳಲ್ಲೊಂದು. ಲಿನ್ ಕಂಪನಿ ತನ್ನ ಎಲ್‌ಪಿ12ಕ್ಕೆ 1982ರಲ್ಲಿ ವಲ್ಹಾಲ ಎಂಬ ಸ್ಫಟಿಕ ನಿಯಂತ್ರಿತ ಸರ್ಕೀಟನ್ನೂ 1990ರಲ್ಲಿ ಲಿಂಗೊ ಎಂಬ ಪ್ರತ್ಯೇಕ ಪೆಟ್ಟಿಗೆಯನ್ನೂ ತಂದ ಮೇಲೆ ಹವ್ಯಾಸಿಗಳ ನಡುವೆ ಇದೊಂದು ಗೀಳಾಗಿಯೇ ಹಬ್ಬಿತು. ಇಂಥ ಪೆಟ್ಟಿಗೆಗಳನ್ನು ಕೊಳ್ಳುವವರಿಗೆ ಸಾಮಾನ್ಯವಾಗಿ ಹೇಳಲಾಗುವ ಕಾರಣ ವೇಗದ ನಿಖರತೆ: ಜಾಲದ ಆವರ್ತನ ನಂಬಲರ್ಹವಲ್ಲ, ಸ್ಫಟಿಕ ನಂಬಲರ್ಹ.

ಕರ್ನಾಟಕದ ಮಟ್ಟಿಗೆ ಒಂದು ಕಾಲದಲ್ಲಿ ಈ ವಾದದಲ್ಲಿ ಹುರುಳಿತ್ತು. ಬೇಡಿಕೆಗಿಂತ ಉತ್ಪಾದನೆ ಕಡಿಮೆಯಾದಾಗ ವಿದ್ಯುದಾಗಾರಗಳ ಟರ್ಬೈನುಗಳು ಹೊರೆ ತಾಳದೆ ನಿಧಾನವಾಗುತ್ತವೆ, ಅವುಗಳ ಜೊತೆ ಇಡೀ ಜಾಲದ ಆವರ್ತನವೂ ಇಳಿಯುತ್ತದೆ. 1990ರ ದಶಕದಲ್ಲಿ ದಕ್ಷಿಣದ ಜಾಲದ ಆವರ್ತನ 48.5 ಹರ್ಟ್ಜಿನ ಆಸುಪಾಸಿಗೆ ಇಳಿಯುವುದು ಅಪರೂಪದ ಸಂಗತಿಯಾಗಿರಲಿಲ್ಲ. ಆ ಆವರ್ತನದಲ್ಲಿ ಸಿಂಕ್ರೊನಸ್ ಮೋಟಾರಿನ ಟರ್ನ್‌ಟೇಬಲ್ಲು ಶೇ 3ರಷ್ಟು ನಿಧಾನವಾಗಿ ಷಡ್ಜ 50 ಸೆಂಟಿಗೂ ಹೆಚ್ಚು ಕೆಳಗಿಳಿದು, ಹಾರ್ಮೋನಿಯಮ್ಮಿನ ಎರಡು ಪಟ್ಟಿಗಳ ನಡುವೆ ತ್ರಿಶಂಕುವಾಗಿ ನಿಲ್ಲುತ್ತಿತ್ತು. ಆವರ್ತನ ಕಡಿಮೆಯಿರುವಾಗ ಹೆಚ್ಚು ವಿದ್ಯುತ್ ಎಳೆದುಕೊಳ್ಳುವ ರಾಜ್ಯಗಳು ಹೆಚ್ಚು ಬೆಲೆ ತೆರಬೇಕಾದ ದರವ್ಯವಸ್ಥೆ 2003ರ ಜನವರಿಯಿಂದ ದಕ್ಷಿಣದಲ್ಲಿ ಜಾರಿಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಒಂದಾಯಿತು. ಈಗಿನ ಜಾಲಸಂಹಿತೆ 49.90ರಿಂದ 50.05 ಹರ್ಟ್ಜಿನ ಪಟ್ಟಿಯೊಳಗೆ ಆವರ್ತನವನ್ನು ಹಿಡಿದಿಡಲು ಹೇಳುತ್ತದೆ. ಅದರ ಕೆಳಗಿನ ಅಂಚಿನಲ್ಲಿಯೂ ರೆಕಾರ್ಡಿನ ಶ್ರುತಿ ತಪ್ಪುವುದು ಕೇವಲ ಮೂರೂವರೆ ಸೆಂಟ್. ಆ ಪಟ್ಟಿಯಿಂದ ಆಗಾಗ ಆಚೀಚೆ ಆದರೂ ಕಿವಿಗೆ ಅದು ಗೊತ್ತಾಗುವಂಥದ್ದಲ್ಲ. ಹೀಗಾಗಿ, ವೇಗದ ನಿಖರತೆಯೊಂದಕ್ಕಾಗಿಯೇ ಇಂದು ದುಬಾರಿ ಪೆಟ್ಟಿಗೆ ಕೊಳ್ಳುವವರು ರಾಯಚೂರಿನ ಆ ತಂತಿ ಈಗಾಗಲೇ ಬಹುಪಾಲು ಉಚಿತವಾಗಿ ಕೊಟ್ಟಿರುವ ವಸ್ತುವಿಗೆ ಮತ್ತೊಮ್ಮೆ ಹಣ ತೆರುತ್ತಾರೆ.

ಹಾಗಾದರೆ ಪೆಟ್ಟಿಗೆಯೇ ಬೇಡವೇ ಎಂದರೆ, ಬೇಕು. ಆದರೆ ಕಾರಣ ಬೇರೆ. ಸಿಂಕ್ರೊನಸ್ ಮೋಟಾರಿನೊಳಗೆ ಎರಡು ಕಾಯಿಲುಗಳಿರುತ್ತವೆ. ಕಾಂತಕ್ಷೇತ್ರ ವೃತ್ತಾಕಾರವಾಗಿ ಸುತ್ತಬೇಕಾದರೆ ಎರಡಕ್ಕೂ ಸಮಬಲದ ವಿದ್ಯುತ್ತು, ಆದರೆ ಒಂದಕ್ಕಿಂತ ಇನ್ನೊಂದು ಆವೃತ್ತಿಯ ಕಾಲುಭಾಗದಷ್ಟು, ಅಂದರೆ 90 ಡಿಗ್ರಿ, ಹಿಂದೆ ಇರುವಂತೆ ದೊರೆಯಬೇಕು. ಮನೆಯ ಸಾಕೆಟ್ಟಿನಲ್ಲಿ ಇರುವುದು ಒಂದೇ ಫೇಸು. ಎರಡನೆಯದನ್ನು ಹುಟ್ಟಿಸಲು ತಯಾರಕರು ಒಂದು ಚಿಕ್ಕ ಕಂಡೆನ್ಸರನ್ನು ಎರಡನೆಯ ಕಾಯಿಲಿನ ದಾರಿಯಲ್ಲಿ ಇಟ್ಟಿರುತ್ತಾರೆ. ಹೊಸತಿದ್ದಾಗಲೂ ಈ ಉಪಾಯ 90 ಡಿಗ್ರಿಯ ಹತ್ತಿರ ಬರುತ್ತದೆಯೇ ಹೊರತು ಸರಿಯಾಗಿ ಮುಟ್ಟುವುದಿಲ್ಲ. ನಲವತ್ತು ಐವತ್ತು ವರ್ಷಗಳಲ್ಲಿ ಕಂಡೆನ್ಸರು ಒಣಗಿ ತನ್ನ ಧಾರಣಶಕ್ತಿಯನ್ನು ಕಳೆದುಕೊಂಡಾಗ ಇನ್ನೂ ದೂರ ಸರಿಯುತ್ತದೆ. ಎರಡು ಫೇಸುಗಳು ಹೀಗೆ ಹೊಂದದಿದ್ದಾಗ ಮುಂದಕ್ಕೆ ಸುತ್ತುವ ಕಾಂತಕ್ಷೇತ್ರದ ಜೊತೆಗೆ ಹಿಂದಕ್ಕೆ ಸುತ್ತುವ ದುರ್ಬಲ ಕ್ಷೇತ್ರವೊಂದೂ ಹುಟ್ಟಿಕೊಂಡು, ಸೆಕೆಂಡಿಗೆ 100 ಬಾರಿ ಮೋಟಾರನ್ನು ನಡುಗಿಸುತ್ತದೆ. ಆ ನಡುಕ ಮರದ ಪೀಠದ ಮೂಲಕ, ಬೆಲ್ಟಿನ ಮೂಲಕ ಸೂಜಿಯನ್ನು ತಲುಪಿ ಸ್ಪೀಕರಿನಲ್ಲಿ ಗುಂಯ್ಗುಡುವಿಕೆಯಾಗಿ ಕೇಳುತ್ತದೆ. ಕಾಳಿ ಒಂದರಲ್ಲಿ ಹಾಡುವ ಗಾಯಕನ ತಂಬೂರಿಯ ಮಂದ್ರ ಪಂಚಮದ ತಂತಿ ಮಿಡಿಯುವುದು ಸುಮಾರು 104 ಹರ್ಟ್ಜಿನಲ್ಲಿ. ಅದಕ್ಕಿಂತ ಅರ್ಧಸ್ವರಕ್ಕೂ ಕಡಿಮೆ ಅಂತರದಲ್ಲಿ, ಸೇರಿಯೂ ಸೇರದ ಈ 100 ಹರ್ಟ್ಜಿನ ಗುನುಗು ಆಲಾಪದ ಉದ್ದಕ್ಕೂ ಕುಳಿತಿರುತ್ತದೆ. ಪಿಯಾನೋ ಕೇಳುವವನಿಗೆ ಇದೊಂದು ಹಿನ್ನೆಲೆಯ ಸದ್ದಷ್ಟೇ. ಖಯಾಲ್ ಕೇಳುವವನಿಗೆ ಶ್ರುತಿಗೆ ಕೂಡದ ಎರಡನೆಯ ತಂಬೂರಿ.

ಒಳ್ಳೆಯ ಪವರ್ ಸಪ್ಲೈ ಮಾಡುವ ಉಪಕಾರ ಇಲ್ಲಿದೆ. ಅದು ನಿಖರವಾಗಿ 90 ಡಿಗ್ರಿ ಅಂತರದ ಎರಡು ತರಂಗಗಳನ್ನು ಬೇರೆಬೇರೆಯಾಗಿಯೇ ಹುಟ್ಟಿಸುತ್ತದೆ. ಪ್ರತಿಯೊಂದರ ಬಲವನ್ನೂ ಅಂತರವನ್ನೂ ಕಿಂಚಿತ್ ತಿದ್ದಿ, ಆ ನಿರ್ದಿಷ್ಟ ಮೋಟಾರು ಅತ್ಯಂತ ಕಡಿಮೆ ನಡುಗುವ ಬಿಂದುವನ್ನು ಹುಡುಕಲು ಅವಕಾಶ ಕೊಡುತ್ತದೆ. ಭಾರವಾದ ತಟ್ಟೆಯನ್ನು ನಿಂತಲ್ಲಿಂದ ಎಬ್ಬಿಸಲು ಪೂರ್ತಿ ವೋಲ್ಟೇಜು ಬೇಕು, ಒಮ್ಮೆ ವೇಗ ಹಿಡಿದ ಮೇಲೆ ಬೇಡ. ಆಗ ವೋಲ್ಟೇಜನ್ನು ತಗ್ಗಿಸಿದರೆ ನಡುಕವೂ ಕಾವೂ ಇಳಿಯುತ್ತವೆ. ಲಿಂಗೊ ಪೆಟ್ಟಿಗೆಯೂ ಮಾಡುವುದು ಇದನ್ನೇ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಜಾಂಬೋಟಿ, ಕಣಕುಂಬಿ ಕಡೆಯ ಮನೆಗಳಿಗೆ ಇನ್ನೊಂದು ಲಾಭವೂ ಇದೆ. ಅಗ್ಗದ ಇನ್ವರ್ಟರುಗಳು ಕೊಡುವುದು ಚೌಕ ತರಂಗ. ಅದರಲ್ಲಿ 50 ಹರ್ಟ್ಜಿನ ಜೊತೆಗೆ 150, 250 ಹರ್ಟ್ಜಿನ ಉಪತರಂಗಗಳೂ ಬೆರೆತು ಮೋಟಾರನ್ನು ಕರಕರೆಗೊಳಿಸುತ್ತವೆ. ತನ್ನದೇ ತರಂಗವನ್ನು ಹುಟ್ಟಿಸಿಕೊಳ್ಳುವ ಪೆಟ್ಟಿಗೆಗೆ ಒಳಬರುವ ವಿದ್ಯುತ್ತು ಎಂಥದ್ದಾದರೂ ನಡೆಯುತ್ತದೆ.

ಇಂಥ ಪೆಟ್ಟಿಗೆಯನ್ನು ಇಲ್ಲಿಯೇ ಕಟ್ಟುವುದು ಅಸಾಧ್ಯವೇನಲ್ಲ. ಸ್ಫಟಿಕದ ತಾಳಕ್ಕೆ ನಡೆಯುವ ಒಂದು ಮೈಕ್ರೋಕಂಟ್ರೋಲರು ತನ್ನ ಸ್ಮೃತಿಯಲ್ಲಿಟ್ಟ ಅಂಕಿಗಳಿಂದ ಎರಡು ಸೈನ್ ತರಂಗಗಳನ್ನು ಬರೆಯುತ್ತದೆ. ಸ್ಟೀರಿಯೊ ಆಂಪ್ಲಿಫೈಯರಿನ ಎಡ-ಬಲ ಚಾನೆಲುಗಳು ಅವನ್ನು ಬಲಪಡಿಸುತ್ತವೆ. 12 ವೋಲ್ಟಿನ ಎರಡು ಸಾಮಾನ್ಯ ಟ್ರಾನ್ಸ್‌ಫಾರ್ಮರುಗಳನ್ನು ತಿರುವುಮುರುವಾಗಿ ಜೋಡಿಸಿದರೆ ಕೆಳವೋಲ್ಟೇಜು ಮೇಲೇರಿ ಮೋಟಾರಿಗೆ ಬೇಕಾದಷ್ಟಾಗುತ್ತದೆ. ಟಿಡಿಎ 2030ರಂಥ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ದಶಕಗಳಿಂದ ಪರಿಚಿತವಾದ ಚಿಪ್ಪು ಬೆಲ್ಟಿನ ಯಂತ್ರದ ಮೋಟಾರಿಗೆ ಧಾರಾಳ ಸಾಕು. ಹದಿನೈದು ವ್ಯಾಟಿನ ಆಸುಪಾಸು ಬೇಡುವ ಗ್ಯಾರಾರ್ಡಿನಂಥ ಮೋಟಾರಿಗೆ ಅದರ ಎರಡುಪಟ್ಟು ಸಾಮರ್ಥ್ಯದ ಆಂಪ್ಲಿಫೈಯರು ಬೇಕಾಗುತ್ತದೆ. ಆದರೆ ಹೊರಬರುವುದು ಜೀವ ತೆಗೆಯಬಲ್ಲ ವೋಲ್ಟೇಜು ಎಂಬುದನ್ನು ಮರೆಯುವಂತಿಲ್ಲ: ಲೋಹದ ಪೆಟ್ಟಿಗೆಗೆ ಅರ್ಥಿಂಗ್, ಒಳಬರುವ ತಂತಿಗೆ ಫ್ಯೂಸು, ಮೋಟಾರಿನ ತುದಿಗಳಿಗೆ ಸರಿಯಾದ ಹೊದಿಕೆ ಕಡ್ಡಾಯ. ಬರಿಯ ಕಂಡೆನ್ಸರನ್ನು ಬದಲಿಸುವವರಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಯಾವ ಅಂಗಡಿಯಲ್ಲಾದರೂ ಥಟ್ಟನೆ ಸಿಗುವುದು ಸೀಲಿಂಗ್ ಫ್ಯಾನಿನ 2.5 ಮೈಕ್ರೊಫ್ಯಾರಡ್ ಕಂಡೆನ್ಸರು. ಟರ್ನ್‌ಟೇಬಲ್ಲಿಗೆ ಬೇಕಾದದ್ದು ಬಹುತೇಕ ಅದರ ಹತ್ತನೆಯ ಒಂದು ಭಾಗದಷ್ಟರದು. ಹಳೆಯದರ ಮೇಲೆ ಅಚ್ಚಾಗಿರುವ ಮೈಕ್ರೊಫ್ಯಾರಡ್ ಅಳತೆಯದನ್ನೇ, ವೋಲ್ಟೇಜು ತಾಳಿಕೆಯನ್ನು ಮಾತ್ರ ಹೆಚ್ಚಿಸಿ, ತರಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಪೆಟ್ಟಿಗೆಗೆ ಹಣ ಹಾಕುವ ಮುನ್ನ ಮಾಡಬೇಕಾದ, ಹೆಚ್ಚಿನ ಖರ್ಚಿಲ್ಲದ ಕೆಲಸಗಳಿಂದಲೇ ಅರ್ಧಕ್ಕಿಂತ ಹೆಚ್ಚು ಪ್ರಯೋಜನ ದೊರೆಯುತ್ತದೆ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಮೋಟಾರಿನ ದಂಡ ಕೂರುವುದು ಸೂಕ್ಷ್ಮರಂಧ್ರಗಳಿರುವ ಕಂಚಿನ ಬುಷ್‌ಗಳಲ್ಲಿ. ಆ ರಂಧ್ರಗಳು ತಮ್ಮೊಳಗೆ ಎಣ್ಣೆ ಹೀರಿಟ್ಟುಕೊಂಡು ಬೇಕಾದಾಗ ಬಿಡುತ್ತವೆ. ದಶಕಗಳ ಕಾಲ ಕಪಾಟಿನಲ್ಲಿದ್ದ ಯಂತ್ರದಲ್ಲಿ ಆ ಎಣ್ಣೆ ಅಂಟಾಗಿರುತ್ತದೆ. ಬಿಚ್ಚಿ, ತೊಳೆದು, ತೆಳುವಾದ ಖನಿಜ ಎಣ್ಣೆಯಲ್ಲಿ ಬುಷ್‌ಗಳನ್ನು ನೆನೆಯಿಟ್ಟು ಮತ್ತೆ ಜೋಡಿಸಿದರೆ ಮೋಟಾರು ಬದಲಿಸಬೇಕೆಂದುಕೊಂಡಿದ್ದ ಎಷ್ಟೋ ಸಂದರ್ಭಗಳಲ್ಲಿ ಆ ವಿಚಾರವೇ ಬಿದ್ದುಹೋಗುತ್ತದೆ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಿಡುವುದು ಮಾತ್ರ ಕೂಡದು. ಬೆಳಗಾವಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಮೋಟಾರಿನ ಒಳಸದ್ದನ್ನು ಪರೀಕ್ಷಿಸಲು ರಿವೈಂಡಿಂಗ್ ಕೆಲಸಗಾರರು ಬಳಸುವ ವಿಧಾನವೇ ಇಲ್ಲಿಯೂ ಸಾಕು: ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಕವಚಕ್ಕೆ ತಾಗಿಸಿ ಹಿಡಿಯನ್ನು ಕಿವಿಯ ಬಳಿಯ ಮೂಳೆಗೆ ಒತ್ತಿದರೆ ಬುಷ್ಷಿನ ಗರಗರವೂ ಫೇಸಿನ ಗುನುಗೂ ಬೇರೆಬೇರೆಯಾಗಿ ಕೇಳುತ್ತವೆ.

ಬೆಲ್ಟಿನ ವಿಷಯದಲ್ಲಿ ಹೆಚ್ಚು ಜನ ಗಮನಿಸದ ಲೆಕ್ಕವೊಂದಿದೆ. ಬೆಲ್ಟು ಪುಲ್ಲಿಯ ಮೇಲೆ ಬಾಗುವಾಗ ಅದರ ದಪ್ಪದ ನಡುಗೆರೆಯೇ ವೇಗವನ್ನು ನಿರ್ಧರಿಸುತ್ತದೆ. 20 ಮಿಲಿಮೀಟರ್ ವ್ಯಾಸದ ಪುಲ್ಲಿಯೂ 150 ಮಿಲಿಮೀಟರ್ ವ್ಯಾಸದ ಒಳತಟ್ಟೆಯೂ ಇರುವ ಯಂತ್ರಕ್ಕೆ 0.5 ಮಿಲಿಮೀಟರ್ ದಪ್ಪದ ಬೆಲ್ಟಿನ ಬದಲು 0.6 ಮಿಲಿಮೀಟರಿನದನ್ನು ಹಾಕಿದರೆ ತಟ್ಟೆ ಶೇ 0.4ರಷ್ಟು ವೇಗವಾಗುತ್ತದೆ, ಶ್ರುತಿ ಸುಮಾರು 7 ಸೆಂಟ್ ಏರುತ್ತದೆ. ಜಾಲದ ಆವರ್ತನವನ್ನು ದೂರುವವರ ಯಂತ್ರದಲ್ಲಿ ಅದಕ್ಕಿಂತ ದೊಡ್ಡ ದೋಷ ಬೆಲ್ಟಿನದೇ ಆಗಿರುವುದುಂಟು.

ಪುಲ್ಲಿಯದು ಇನ್ನೂ ನಾಜೂಕಿನ ವಿಚಾರ. 250 ಸುತ್ತಿನ ಮೋಟಾರು ಸೆಕೆಂಡಿಗೆ ನಾಲ್ಕಕ್ಕಿಂತ ತುಸು ಹೆಚ್ಚು ಬಾರಿ ತಿರುಗುತ್ತದೆ. ಮನುಷ್ಯನ ಕಿವಿ ಶ್ರುತಿಯ ಅಲುಗಾಟವನ್ನು ಅತ್ಯಂತ ಚುರುಕಾಗಿ ಗುರುತಿಸುವುದೂ ಸುಮಾರು 4 ಹರ್ಟ್ಜಿನ ಏರಿಳಿತದಲ್ಲಿಯೇ. 20 ಮಿಲಿಮೀಟರ್ ಪುಲ್ಲಿಯ ಕೇಂದ್ರ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಸರಿದಿದ್ದರೂ ಶೇ 0.1ರ ಅಲುಗಾಟ ಹುಟ್ಟುತ್ತದೆ. 1960ರ ದಶಕದ ಜರ್ಮನ್ ಮಾನದಂಡ ಡಿಐಎನ್ 45500 ಉತ್ತಮ ಟರ್ನ್‌ಟೇಬಲ್ಲಿಗೆ ಒಟ್ಟಾರೆಯಾಗಿ ಅನುಮತಿಸಿದ್ದು ಶೇ 0.2, ಅದರ ಅರ್ಧವನ್ನು ಪುಲ್ಲಿಯೊಂದೇ ನುಂಗಿದಂತಾಯಿತು. ಕಾಸ್ಟಿಂಗು, ಹೈಡ್ರಾಲಿಕ್ಸು ಮತ್ತು ಲೇತ್ ಕೆಲಸಕ್ಕೆ ಹೆಸರಾದ ಉದ್ಯಮಬಾಗ ಖಾಸಬಾಗದಿಂದ ದೂರವೇನಿಲ್ಲ. ಮೈಕ್ರಾನುಗಳ ಲೆಕ್ಕದಲ್ಲಿ ಕೆಲಸ ಮಾಡುವ ಅಲ್ಲಿನ ಯಂತ್ರಶಾಲೆಗಳಿಗೆ ಹಿತ್ತಾಳೆಯ ಪುಲ್ಲಿಯೊಂದನ್ನು ಕಡೆದುಕೊಡುವುದು ಕಷ್ಟವಲ್ಲ. ಮೊದಲು ದಂಡದ ರಂಧ್ರ ಕೊರೆದು, ಪುಲ್ಲಿಯನ್ನು ಅದೇ ಹಿಡಿತದಿಂದ ತೆಗೆಯದೆ ಹೊರಮೈಯನ್ನೂ ಮುಗಿಸಬೇಕೆಂದು ಹೇಳಿಕೊಟ್ಟರೆ ಸಾಕು. ತೆಗೆದು ಮತ್ತೆ ಹಿಡಿದರೆ ಆ ನೂರನೆಯ ಭಾಗ ತಪ್ಪಿಹೋಗುತ್ತದೆ.

ಮೋಟಾರನ್ನೇ ಬದಲಿಸುವುದು ಕೊನೆಯ ಉಪಾಯ. ಕಾಯಿಲು ಸುಟ್ಟಿದ್ದರೆ, ದಂಡ ಸವೆದಿದ್ದರೆ, ಅದೇ ಧ್ರುವಸಂಖ್ಯೆಯ, ಅದೇ ವೋಲ್ಟೇಜಿನ ಮೋಟಾರನ್ನು ಹುಡುಕುವುದು ಕ್ಷೇಮ. ಟೇಪ್ ರೆಕಾರ್ಡರಿನ 12 ವೋಲ್ಟ್ ಡಿಸಿ ಮೋಟಾರನ್ನು ತಂದು ಕೂರಿಸುವ ಅಗ್ಗದ ದಾರಿ ಆಕರ್ಷಕವಾಗಿ ಕಂಡರೂ ಲೆಕ್ಕ ಅದನ್ನು ಎತ್ತಿಹಿಡಿಯುವುದಿಲ್ಲ. ಅಂಥ ಮೋಟಾರಿನ ಸಾಮಾನ್ಯ ವೇಗ ನಿಮಿಷಕ್ಕೆ 2400 ಸುತ್ತು. ಅದನ್ನು 33⅓ಕ್ಕೆ ಇಳಿಸಲು 72ಕ್ಕೆ 1ರ ಅನುಪಾತ ಬೇಕು. 150 ಮಿಲಿಮೀಟರಿನ ಒಳತಟ್ಟೆಗೆ ಆಗ ಪುಲ್ಲಿಯ ವ್ಯಾಸ ಸುಮಾರು 2 ಮಿಲಿಮೀಟರ್ ಮಾತ್ರ ಆಗಿ, ಬೆಲ್ಟು ಅದರ ಮೇಲೆ ಹಿಡಿತವಿಲ್ಲದೆ ಜಾರುತ್ತದೆ. ವೇಗವನ್ನು ಅಳೆದು ತಿದ್ದಿಕೊಳ್ಳುವ ಟ್ಯಾಕೊ ಇರುವ, ನಿಧಾನವಾಗಿ ತಿರುಗಲೆಂದೇ ರೂಪಿಸಿದ ಡಿಸಿ ಮೋಟಾರುಗಳ ಮಾತು ಬೇರೆ. 1970ರ ದಶಕದ ಆರಂಭದ ಫಿಲಿಪ್ಸ್ ಜಿಎ 212 ಆ ದಾರಿಯಲ್ಲಿ ನಡೆದು ಒಳ್ಳೆಯ ಹೆಸರು ಪಡೆಯಿತು.

ಅಮೆರಿಕದಿಂದ ಮರಳುವ ಕನ್ನಡ ಕುಟುಂಬಗಳು ಸಾಮಾನಿನ ಜೊತೆ ತರುವ ಟರ್ನ್‌ಟೇಬಲ್ಲುಗಳದ್ದು ಪ್ರತ್ಯೇಕ ಅಧ್ಯಾಯ. ಅಲ್ಲಿನ ವಿದ್ಯುತ್ತು 120 ವೋಲ್ಟು, 60 ಹರ್ಟ್ಜು. ಇಲ್ಲಿ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರೊಂದನ್ನು ತಂದು ಜೋಡಿಸಿದರೆ ಕೆಲಸವಾಯಿತೆಂದು ಹಲವರು ತಿಳಿಯುತ್ತಾರೆ. ಟ್ರಾನ್ಸ್‌ಫಾರ್ಮರು ಆವರ್ತನವನ್ನು ಮುಟ್ಟುವುದಿಲ್ಲ. ಸಿಂಕ್ರೊನಸ್ ಮೋಟಾರಿನ ಯಂತ್ರವಾದರೆ ತಟ್ಟೆ 33⅓ರ ಬದಲು 27.8 ಸುತ್ತು ತಿರುಗುತ್ತದೆ, 20 ನಿಮಿಷದ ಬದಿ 24 ನಿಮಿಷ ಹಿಡಿಯುತ್ತದೆ, ಕಾಳಿ ನಾಲ್ಕರಲ್ಲಿ ಹಾಡಿದ ಗಾಯಕಿಯ ಷಡ್ಜ ಪಾಂಢರಿ ನಾಲ್ಕಕ್ಕಿಂತಲೂ ತುಸು ಕೆಳಗೆ ಬಂದು ನಿಲ್ಲುತ್ತದೆ. ಈ ಯಂತ್ರಗಳಿಗೆ ಒಂದೋ ಶೇ 20ರಷ್ಟು ದೊಡ್ಡ ಪುಲ್ಲಿ ಬೇಕು, ಇಲ್ಲವೇ 60 ಹರ್ಟ್ಜನ್ನು ಹುಟ್ಟಿಸುವ ಪವರ್ ಸಪ್ಲೈ ಬೇಕು. ಮೇಲೆ ವಿವರಿಸಿದ ಪೆಟ್ಟಿಗೆಗೆ ಪೂರ್ತಿ ಬೆಲೆ ತೆರುವುದು ನಿರ್ವಿವಾದವಾಗಿ ಸಮರ್ಥನೀಯವಾಗುವುದು ಈ ಸಂದರ್ಭದಲ್ಲಿ.

ಮಾಡಿದ ಸುಧಾರಣೆ ಫಲಿಸಿತೇ ಎಂದು ಅಳೆಯುವಾಗಲೂ ಎಚ್ಚರ ಬೇಕು. ಗೆರೆಗಳನ್ನು ಎಳೆದ ಕಾಗದದ ಸ್ಟ್ರೋಬ್ ಬಿಲ್ಲೆಯನ್ನು ತಟ್ಟೆಯ ಮೇಲಿಟ್ಟು ಚೋಕ್ ಇರುವ ಹಳೆಯ ಟ್ಯೂಬ್‌ಲೈಟಿನ ಕೆಳಗೆ ನೋಡುವುದು ಸಾಂಪ್ರದಾಯಿಕ ವಿಧಾನ. ದೀಪ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ 33⅓ರ ಬಿಲ್ಲೆಯಲ್ಲಿ 180 ಗೆರೆಗಳಿರುತ್ತವೆ. ವೇಗ ಸರಿಯಿದ್ದರೆ ಅವು ನಿಂತಂತೆ ಕಾಣುತ್ತವೆ. ಆದರೆ ಸಿಂಕ್ರೊನಸ್ ಮೋಟಾರೂ ಟ್ಯೂಬ್‌ಲೈಟೂ ಒಂದೇ ಜಾಲದಿಂದ ನಡೆಯುತ್ತಿರುವಾಗ ಆವರ್ತನ ಎಷ್ಟೇ ತಪ್ಪಿದರೂ ಗೆರೆಗಳು ಅಲುಗುವುದಿಲ್ಲ, ಏಕೆಂದರೆ ತಪ್ಪು ಎರಡರಲ್ಲಿಯೂ ಒಂದೇ. 1990ರ ದಶಕದಲ್ಲಿ ಅರ್ಧ ಪಟ್ಟಿ ಇಳಿದ ಯಂತ್ರಕ್ಕೂ ಈ ಬಿಲ್ಲೆ ಪ್ರಮಾಣಪತ್ರ ಕೊಡುತ್ತಿತ್ತು. ಪರೀಕ್ಷಾ ರೆಕಾರ್ಡಿನ 3150 ಹರ್ಟ್ಜಿನ ನಾದವನ್ನು ಮೊಬೈಲಿನ ಆ್ಯಪ್‌ನಿಂದ ಅಳೆಯುವುದು ಈಗ ಹೆಚ್ಚು ವಿಶ್ವಾಸಾರ್ಹ. ಆ ಅಳತೆಯಲ್ಲಿ ಸುತ್ತಿಗೊಮ್ಮೆ ನಿಧಾನವಾಗಿ ತೂಗುವ ಏರಿಳಿತ ಕಂಡರೆ ಮೋಟಾರನ್ನು ಶಂಕಿಸುವ ಮೊದಲು ರೆಕಾರ್ಡಿನ ನಡುವಿನ ರಂಧ್ರವನ್ನು ನೋಡಬೇಕು. ರಂಧ್ರ ಅರ್ಧ ಮಿಲಿಮೀಟರ್ ಓರೆಯಾಗಿದ್ದರೆ, ಕೇಂದ್ರದಿಂದ 100 ಮಿಲಿಮೀಟರ್ ದೂರದ ಗೀರಿನಲ್ಲಿ ಶೇ 0.5ರಷ್ಟು, ಅಂದರೆ ಎಂಟೂವರೆ ಸೆಂಟಿನಷ್ಟು, ಷಡ್ಜ ಮೇಲೆ ಕೆಳಗೆ ಆಡುತ್ತದೆ. ಎಷ್ಟು ಬೆಲೆಯ ಪವರ್ ಸಪ್ಲೈಯೂ ಇದನ್ನು ತಿದ್ದಲಾರದು.

ಆವರ್ತನವನ್ನು ಇಷ್ಟದಂತೆ ಬದಲಿಸಬಲ್ಲ ಪೆಟ್ಟಿಗೆ ನಿಜವಾಗಿ ಹೊಸ ಬಾಗಿಲು ತೆರೆಯುವುದು 78ರ ರೆಕಾರ್ಡುಗಳನ್ನು ಇಟ್ಟುಕೊಂಡವರಿಗೆ. ಆರಂಭಕಾಲದ ಧ್ವನಿಮುದ್ರಣಗಳೆಲ್ಲ ಒಂದೇ ವೇಗದಲ್ಲಿ ಆದವಲ್ಲ. 78 ಎಂದು ಕರೆಯಲಾಗುವ ರೆಕಾರ್ಡು ಅದಕ್ಕಿಂತ ಹೆಚ್ಚು ಅಥವಾ ಕಡಿಮೆ ವೇಗದಲ್ಲಿ ಕೊರೆಯಲ್ಪಟ್ಟಿರಬಹುದು. 45ರ ಪುಲ್ಲಿಯ ಮೇಲೆ ಬೆಲ್ಟನ್ನಿಟ್ಟು ಆವರ್ತನವನ್ನು 87 ಹರ್ಟ್ಜಿಗೆ ಏರಿಸಿದರೆ ತಟ್ಟೆ 78ರ ಆಸುಪಾಸಿನಲ್ಲಿ ತಿರುಗುತ್ತದೆ. 33⅓ರ ಪುಲ್ಲಿಯಲ್ಲಿಯೇ ಇದನ್ನು ಸಾಧಿಸಹೊರಟರೆ 117 ಹರ್ಟ್ಜ್ ಬೇಕಾಗಿ, ಅಷ್ಟು ಆವರ್ತನದಲ್ಲಿ ಕಾಯಿಲಿನ ತಡೆ ಹೆಚ್ಚಿ ಮೋಟಾರಿನ ಕಸುವು ಉಡುಗುತ್ತದೆ. ಅಗಲವಾದ ಗೀರಿಗೆ ತಕ್ಕ 78ರ ಸೂಜಿಯನ್ನು ಹಾಕಿ, 87ರಿಂದ ಆಚೀಚೆ ಒಂದೊಂದೇ ಹೆಜ್ಜೆ ಸರಿಸುತ್ತ, ಹಿನ್ನೆಲೆಯ ಹಾರ್ಮೋನಿಯಂ ಯಾವುದೋ ಒಂದು ಪಟ್ಟಿಗೆ ಕೂಡುವ ತನಕ ಕೇಳಬೇಕು. ಕೂಡುವ ಪಟ್ಟಿಗಳು ಒಂದಕ್ಕಿಂತ ಹೆಚ್ಚಿರುವುದರಿಂದ ಯಾವುದು ಆ ಕಂಠದ ಸಹಜ ಪಟ್ಟಿ ಎಂಬ ತೀರ್ಮಾನವನ್ನು, ಅದೇ ಗಾಯಕರ ಬೇರೆ ಮುದ್ರಣಗಳನ್ನೂ ತಾನಿನ ಓಟ ಅಸಹಜವಾಗದ ವೇಗವನ್ನೂ ಹೋಲಿಸಿ ನೋಡಿ, ಘರಾಣೆಯ ಪರಿಚಯವಿರುವ ಕಿವಿಯೇ ಕೊಡಬೇಕಾಗುತ್ತದೆ.